ತಾಳಿಕೆ ಹದಿನೆಂಟು, ಶಕ್ತಿ ಆರು

ನನ್ನ ಗೆಳತಿಗೂ ನನ್ನ ಮಗಳಿಗೂ ಜಗಳವಾದದ್ದು ಒಂದು ಭಾನುವಾರ ಮಧ್ಯಾಹ್ನ, ಕಟ್ಟಿಗೆ ಹೊರುವ ಒಬ್ಬ ಹೆಂಗಸಿನ ವಿಷಯಕ್ಕೆ. ಆ ಹೆಂಗಸು ಇದ್ದದ್ದು ನಮ್ಮ ಊಟದ ಮೇಜಿನ ಮೇಲೆ, ಒಂದು ಹಾಳೆಯಲ್ಲಿ, ಪೆನ್ಸಿಲಿನ ಅಕ್ಷರಗಳಲ್ಲಿ ಮಾತ್ರ.

ಮಗಳು ಕೊಪ್ಪದಿಂದ ಶೃಂಗೇರಿಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಅಲ್ಲಿನ ಸ್ನೇಹಿತೆಯರಿಂದ ಈ ಆಟ ಕಲಿತು ಬಂದಳು. ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುತ್ತಾ ಹೋಗುವುದು. ಏಟು ಬಿತ್ತೋ ತಪ್ಪಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಪಾತ್ರದ ಶಕ್ತಿ ಎಷ್ಟು, ತಾಳಿಕೆ ಎಷ್ಟು, ಬುದ್ಧಿ ಎಷ್ಟು ಎಂದು ಮೊದಲೇ ಮಾಮೂಲಿ ಆರು ಮುಖದ ದಾಳ ಮೂರು ಸಲ ಹಾಕಿ, ಕೂಡಿಸಿ ಬರೆದುಕೊಂಡಿರಬೇಕು. ಮಗಳು ಆಟ ನಡೆಸುವವಳು. ಆಡುವವರು ನಾವಿಬ್ಬರು, ಮೊಣಕಾಲು ಹಿಡಿದುಕೊಂಡು ಏಳುವ ವಯಸ್ಸಿನವರು. ನನ್ನ ಪಾತ್ರ ಗಾಯಕ್ಕೆ ಔಷಧಿ ಹಚ್ಚುವ ವೈದ್ಯೆ; ಔಷಧಿಗೂ ಒಂದು ಅಂಕಿ, ಹಚ್ಚಿದಷ್ಟೂ ಅದು ಇಳಿಯುತ್ತದೆ. ಗೆಳತಿ ರಾಣಿಯೂ ಬೇಡ, ಮಂತ್ರವಾದಿಯೂ ಬೇಡ ಎಂದು ಕಟ್ಟಿಗೆ ಹೊರುವವಳಾದಳು. ಕೈಯಲ್ಲಿ ಒಂದು ಸೊಪ್ಪು ಕೊಯ್ಯುವ ಕತ್ತಿ. ದಾಳ ಅವಳಿಗೆ ಶಕ್ತಿ ಆರು ಕೊಟ್ಟಿತು, ತಾಳಿಕೆ ಹದಿನೆಂಟು. ಹದಿನೆಂಟಕ್ಕಿಂತ ಮೇಲೆ ಇಲ್ಲವಂತೆ.

ಗೆಳತಿ ಹಿಂದಿನ ಬೀದಿಯವಳು. ಅವಳ ಗಂಡನದು ಬಸ್‌ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಅಂಗಡಿ. ಒಂದನೇ ಕ್ಲಾಸಿನಿಂದ ಕಾನ್ವೆಂಟಿನಲ್ಲಿ ನಮ್ಮದು ಒಂದೇ ಬೆಂಚು. ಶಾಲೆಗೆ ಇಂಜೆಕ್ಷನ್ ಹಾಕಲು ಬಂದಾಗ ಇಡೀ ಕ್ಲಾಸು ಅತ್ತಿತ್ತು, ಅವಳು ಮಾತ್ರ ಗೋಡೆಯ ಗಡಿಯಾರ ನೋಡುತ್ತಾ ನಿಂತಿದ್ದಳು. ಸಿಸ್ಟರ್ ಅವಳ ತಲೆ ಸವರಿ ಒಂದು ಪೆಪ್ಪರ್‌ಮಿಂಟ್ ಕೊಟ್ಟರು. ಅದನ್ನು ಹಲ್ಲಲ್ಲಿ ಕಚ್ಚಿ ಎರಡು ಮಾಡಿ ಅರ್ಧ ನನಗೆ ಕೊಟ್ಟಳು. ನೋವು ತಡೆದುಕೊಂಡರೆ ಮೆಚ್ಚುತ್ತಾರೆ ಎಂದು ನಾವಿಬ್ಬರೂ ಅವತ್ತೇ ಕಲಿತಿರಬೇಕು.

ಆಟದಲ್ಲಿ ಮೂರು ವಾರ ಅವಳ ಕತ್ತಿ ಗಾಳಿಯನ್ನೇ ಕಡಿಯಿತು. ನಾಲ್ಕನೇ ವಾರ ದಾಳವನ್ನು ಮೇಜಿಗೆ ಕುಟ್ಟಿದಳು.

"ಎಂತ ಮಾರಾಯ್ತಿ ಇದು? ದಿನಾ ಹೊರೆ ಹೊತ್ತು ಗುಡ್ಡ ಇಳಿಯುವವಳಿಗೆ ಒಂದು ಏಟು ಹಾಕ್ಲಿಕ್ಕೆ ಬರೋದಿಲ್ವಾ?"

"ಏಟಿಗೆ ಶಕ್ತಿಯ ಲೆಕ್ಕ ಆಂಟಿ. ನಿಮ್ಮದು ಆರು," ಎಂದಳು ಮಗಳು.

"ತಾಳಿಕೆ ಹದಿನೆಂಟು ಉಂಟಲ್ಲ, ಅದನ್ನು ಹಿಡಿ."

"ಅದು ಹೊಡೆಸಿಕೊಳ್ಳೋದಕ್ಕೆ. ಹೊಡೆಯೋದಕ್ಕಲ್ಲ."

"ಯಾರು ಹೇಳಿದ್ದು? ಎದುರಿನವನು ಹೊಡೀಲಿ. ಹೊಡೆದು ಹೊಡೆದು ಅವನ ಕೈ ಸೋಲ್ಲಿ. ಆಮೇಲೆ ನಾನು ಒಂದೇ ಒಂದು. ನಮ್ಮ ಅತ್ತೆ ಹತ್ರ ನಾನು ಗೆದ್ದದ್ದೇ ಹಾಗೆ."

ಮಗಳು ನಗಲಿಲ್ಲ. ಆಟದ ನಿಯಮದಲ್ಲಿ ಅವಳು ಬಹಳ ಕಟ್ಟುನಿಟ್ಟು. "ಜೀವದ ಅಂಕಿ ಬರೋದೂ ತಾಳಿಕೆಯಿಂದಲೇ. ಏಟಿಗೂ ಅದೇ ಆದರೆ ಒಂದೇ ಅಂಕಿ ಎಲ್ಲಾ ಕೆಲಸ ಮಾಡಿದ ಹಾಗಾಯ್ತು. ಅದು ಮೋಸ."

"ಮನೇಲಿ ಹಾಗೇ ಅಲ್ವಾ ಮಗಾ, ಒಬ್ಬಳೇ ಎಲ್ಲಾ ಕೆಲಸ ಮಾಡೋದು?"

ನಾನೂ ಗೆಳತಿಯ ಕಡೆಗೆ ವಾಲಿದೆ. "ಬಿಟ್ಟುಕೊಡೇ, ಪಾಪ," ಎಂದೆ. ಮಗಳು ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿ, ಒಂದು ಷರತ್ತು ಹಾಕಿದಳು. ತಾಳಿಕೆಯಿಂದ ಹೊಡೆಯಬಹುದು, ಆದರೆ ಪ್ರತಿ ಏಟಿಗೂ ಹೊಡೆದವಳ ಜೀವದಿಂದ ಮೂರು ಅಂಕಿ ಕಳೆಯಬೇಕು.

"ಅಷ್ಟೇ ಅಲ್ವಾ!" ಎಂದು ಗೆಳತಿ ಆಗಲೇ ದಾಳ ಉರುಳಿಸಿಯಾಗಿತ್ತು.

ಅಲ್ಲಿಂದ ಅವಳು ಗೆಲ್ಲತೊಡಗಿದಳು. ಪ್ರತಿ ಏಟಿಗೂ ತನ್ನ ಜೀವದ ಅಂಕಿಯನ್ನು ರಬ್ಬರಿನಲ್ಲಿ ಉಜ್ಜಿ, ಕಡಿಮೆ ಮಾಡಿ ಬರೆಯುವಳು. "ಹತ್ತಿರ ಬಾ, ಔಷಧಿ ಹಚ್ತೇನೆ" ಎಂದು ನಾನು ಕರೆದರೆ, "ಈಗ ಬೇಡ, ಇಟ್ಟುಕೋ. ಮುಂದೆ ಬೇಕಾದೀತು" ಎನ್ನುವಳು. ನಾನೂ ಇಟ್ಟುಕೊಂಡೆ.

ಸಣ್ಣಪುಟ್ಟದ್ದು ನನ್ನ ಕಣ್ಣಿಗೆ ಬೇಗ ಬೀಳುತ್ತದೆ. ಮನೆಯಲ್ಲಿ ಇದಕ್ಕೆ ತಮಾಷೆಯೂ ಮಾಡುತ್ತಾರೆ. ಬಂದ ಕೂಡಲೇ ಅವಳು ಸೋಫಾದ ಮೇಲಿನ ಗಿಳಿ ಕಸೂತಿಯ ದಿಂಬನ್ನು ಎತ್ತಿ ಹೊಟ್ಟೆಗೆ ಒತ್ತಿಕೊಂಡು ಕೂರುತ್ತಿದ್ದುದನ್ನು ನೋಡಿದೆ. ಗಿಳಿಯ ಕೊಕ್ಕಿನ ಕೆಂಪು ನೂಲು ಎದ್ದುಬರುವಷ್ಟು ಒತ್ತುತ್ತಿದ್ದಳು. ಮಣಿಕಟ್ಟಿನ ಬಳೆ ಮೊಣಕೈವರೆಗೆ ಜಾರುವುದನ್ನು ನೋಡಿದೆ. ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ತಿನ್ನದೆ, ಕರಗಲು ಬಿಡುವುದನ್ನೂ ನೋಡಿದೆ.

ಒಂದು ದಿನ, "ಸಣ್ಣ ಆಗಿದ್ದೀಯಲ್ಲೇ," ಎಂದೆ.

"ಆಗಬೇಕಲ್ಲ. ಮದುವೇಲಿ ತಾಯಿ ಯಾರು, ಮಗಳು ಯಾರು ಅಂತ ಜನ ಕೇಳ್ಬೇಕು."

ಅವಳ ಒಬ್ಬಳೇ ಮಗಳ ನಿಖಾ ಎನ್.ಆರ್.ಪುರದಲ್ಲಿ ನಿಶ್ಚಯವಾಗಿತ್ತು. ಮೂವರೂ ನಕ್ಕೆವು. ನಗುವಾಗ ಅವಳ ಕೈ ದಿಂಬನ್ನು ಇನ್ನೂ ಗಟ್ಟಿಯಾಗಿ ಹಿಡಿಯಿತು. ಆ ಕೈಯನ್ನು ನೋಡಿದೆ. ನೋಡಿ, ಚಹಾ ಸೋಸಲು ಒಳಗೆ ಹೋದೆ.

ನಿಖಾದ ದಿನ ಗೆಳತಿ ಶಾದಿಮಹಲಿನ ಹಿಂದೆ, ನೀರಿನ ಡ್ರಮ್ಮಿನ ತಣ್ಣನೆಯ ಅಂಚಿಗೆ ಹಣೆ ಇಟ್ಟು ನಿಂತಿದ್ದಳು. ರೇಷ್ಮೆಯ ರವಿಕೆಗೆ ಬೆನ್ನ ಹಿಂದೆ ನಾಲ್ಕು ಪಿನ್ನು ಹಾಕಿ ಬಿಗಿ ಮಾಡಿತ್ತು.

"ಎಂತಾಯ್ತೇ? ನೋವಾ?"

"ಸೆಖೆ ಮಾರಾಯ್ತಿ."

"ಸುಳ್ಳು ಹೇಳಬೇಡ. ನಡಿ, ಇಲ್ಲೇ ಡಾಕ್ಟರಿಗೆ ತೋರಿಸಿ ಬರೋಣ."

"ಹುಡುಗಿ ಕಾರು ಹತ್ತಲಿ ಮೊದಲು."

ಹುಡುಗಿ ಕಾರು ಹತ್ತುವವರೆಗೆ ನಾನೂ ಕಾದೆ. ಕಾರು ತಿರುವಿನಲ್ಲಿ ಮರೆಯಾದ ಮೇಲೆ ಅವಳು ಚಪ್ಪಲಿಗಳ ರಾಶಿಯ ಪಕ್ಕದಲ್ಲಿ, ನೆಲದ ಮೇಲೇ ಕುಳಿತುಬಿಟ್ಟಳು.

ಕರಾವಳಿಯ ದೊಡ್ಡ ಆಸ್ಪತ್ರೆಗೆ ಅವಳ ಗಂಡನ ಜೊತೆ ನಾನೂ ಹೋಗಿದ್ದೆ. ಹೊಟ್ಟೆಯಲ್ಲಿ ಗಡ್ಡೆ, ಎಲ್ಲ ಕಡೆ ಹರಡಿಯಾಗಿತ್ತು. "ನೋವು ಯಾವಾಗಿನಿಂದ?" ಎಂದು ಡಾಕ್ಟರು ಕೇಳಿದರು. "ಏಳು ತಿಂಗಳಾಯ್ತು," ಎಂದಳು ಅವಳು, ಯಾರದೋ ಮಗುವಿನ ವಯಸ್ಸು ಹೇಳುವ ಹಾಗೆ. ಡಾಕ್ಟರು ಬೈಯಲಿಲ್ಲ. ಪೆನ್ನಿಗೆ ಕ್ಯಾಪು ಹಾಕಿದರು. ನಾನು ಸೆರಗಿನ ಒಳಗೆ ಬೆರಳು ಮಡಚಿ ಎಣಿಸಿದೆ. ದಾಳ ಕುಟ್ಟಿ ಜಗಳವಾಡಿದ್ದು ಆರು ತಿಂಗಳ ಹಿಂದೆ. ಅವತ್ತಿಗೇ ಅವಳಿಗೆ ನೋವಿತ್ತು.

ಕೊನೆಗೆ ಮನೆಗೆ ಕರೆತಂದರು. ಮುಂದಿನ ಕೋಣೆಯ ಕಿಟಕಿಯ ಪಕ್ಕ ಮಂಚ ಹಾಕಿದ್ದರು. ಒಂದು ದಿನ ಇಬ್ಬರೇ ಇದ್ದಾಗ ಕೇಳಿದೆ, "ನನಗೂ ಹೇಳಲಿಲ್ಲವಲ್ಲೇ?"

"ಹೇಳಿದ್ರೆ ನೀನು ಬಿಡ್ತಿದ್ಯಾ? ಮದುವೆ ನಿಂತುಹೋಗ್ತಿತ್ತು." ಕಿಟಕಿಯ ಕಡೆ ತಿರುಗಿ ಮತ್ತೆ ಹೇಳಿದಳು, "ನೀನು ಸರಿಯಾಗಿ ಕೇಳಿಬಿಟ್ರೆ ಹೇಳಿಬಿಡ್ತೇನೋ ಅಂತ ಪ್ರತಿ ಭಾನುವಾರ ಹೆದರಿಕೊಂಡೇ ಬರ್ತಿದ್ದೆ."

ಕೇಳದೇ ಇದ್ದವಳು ನಾನು.

ಮುಂದಿನ ಭಾನುವಾರ ನನ್ನ ಮಗಳು ಹಾಳೆಗಳನ್ನೂ ದಾಳವನ್ನೂ ಅಲ್ಲಿಗೇ ತಂದಳು. ಕಟ್ಟಿಗೆಯವಳು ಯಾವುದೋ ಕೋಟೆಯ ಬಾಗಿಲ ಮುಂದೆ ನಿಂತಿದ್ದಳು. ಜೀವದ ಅಂಕಿ ಎರಡು ಉಳಿದಿತ್ತು.

"ಮಗಾ, ನನ್ನ ಹೆಂಗಸಿಗೆ ಸ್ವಲ್ಪ ಶಕ್ತಿ ಹಾಕು. ಈಗ ಮೋಸ ಮಾಡಿದ್ರೂ ನಡೀತದೆ."

ಮಗಳು ತುಟಿ ಕಚ್ಚಿ ಆರನ್ನು ಅಳಿಸಿದಳು. "ಹದಿನೆಂಟು ಬರೆದೆ ಆಂಟಿ."

"ಅಷ್ಟೆಲ್ಲಾ ಬೇಡ. ಹನ್ನೆರಡು ಸಾಕು. ಬಾಗಿಲು ತಳ್ಳುವಷ್ಟು."

ನಾನು ಇಟ್ಟುಕೊಂಡಿದ್ದ ಔಷಧಿಯನ್ನೆಲ್ಲ ಹಚ್ಚುತ್ತೇನೆ ಎಂದೆ. ಈ ಸಲ ಅವಳು ಬೇಡ ಎನ್ನಲಿಲ್ಲ. ನಾನು ದಾಳ ಹಾಕಿದೆ, ಒಳ್ಳೆಯ ಅಂಕಿಯೇ ಬಿತ್ತು. "ಹಾಂ, ತಂಪಾಯ್ತು," ಎಂದು ಕಣ್ಣು ಮುಚ್ಚಿದಳು. ಬಾಗಿಲು ತಳ್ಳುವ ಸರದಿ ಬರುವಷ್ಟರಲ್ಲಿ ನಿದ್ದೆ ಹತ್ತಿತ್ತು. ಮಗಳು ಎಬ್ಬಿಸಲಿಲ್ಲ. ಅದರ ಮುಂದಿನ ಭಾನುವಾರಕ್ಕೆ ಅವಳಿರಲಿಲ್ಲ.

ಎರಡೂ ಹಾಳೆ ನನ್ನ ಹೊಲಿಗೆ ಡಬ್ಬಿಯಲ್ಲಿವೆ. ಅವಳದರಲ್ಲಿ ಜೀವದ ಅಂಕಿಯ ಜಾಗ ಉಜ್ಜಿ ಉಜ್ಜಿ ತೂತಾಗಿದೆ, ಬೆಳಕಿಗೆ ಹಿಡಿದರೆ ಆಚೆಯದು ಕಾಣುತ್ತದೆ. ನನ್ನದರಲ್ಲಿ ಔಷಧಿಯ ಅಂಕಿ ಬರೆದ ಜಾಗ ನುಣ್ಣಗೆ, ಹೊಸದರ ಹಾಗೇ ಇದೆ. ಅಲ್ಲಿ ರಬ್ಬರು ಆಡಿದ್ದು ಒಂದೇ ಸಲ.