ಮಾಯವ್ವ ಬಿಡಿಸಿದ ಮೊದಲ ದೆವ್ವ

ಧುಪದಾಳದ ಮಾಯವ್ವನಿಗೆ ದೆವ್ವದ ಸಿನಿಮಾ ಎಂದರೆ ನಗು. ಮೂವತ್ತು ವರ್ಷಕ್ಕೂ ಮೇಲೆ ದೆವ್ವ ಬಿಡಿಸಿದ ಹೆಂಗಸಿಗೆ ಪರದೆಯ ಮೇಲೆ ಕುಣಿಯುವ ದೆವ್ವ ಯಾವ ಲೆಕ್ಕ? ಗೋಕಾಕ, ಮೂಡಲಗಿ, ಹುಕ್ಕೇರಿ, ಎಲ್ಲ ಕಡೆಯಿಂದಲೂ ಮಂದಿ ಗಾಳಿ ಬಡಿದ ಹೆಂಗಸರನ್ನು ಅವಳ ಪಡಸಾಲೆಗೆ ಕರೆತರುತ್ತಿದ್ದರು. ಅವಳು ಕರಿ ಕಂಬಳಿ ಹಾಸಿ, ಹಣೆಗೆ ಅರಿಸಿನದ ಭಂಡಾರ ಬಳಿದು, ಎದುರು ಕೂತು, ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದಳು. "ಯಾರ ನೀ?" ದೆವ್ವ ತನ್ನ ಹೆಸರು ಹೇಳುವ ತನಕ ಕೇಳುವವಳು ಕಂಬಳಿ ಬಿಟ್ಟು ಏಳುವಂತಿಲ್ಲ, ತುತ್ತು ಬಾಯಿಗೆ ಇಡುವಂತಿಲ್ಲ. ಅತ್ತೆ ಕಾಶೆವ್ವ ಕಲಿಸಿಕೊಟ್ಟು ಹೋದ ಪದ್ಧತಿ ಅದು.

ಸೊಸೆ, ಮಗ ಅಶೋಕನ ಹೆಂಡತಿ ದೀಪಾ, ಘಟಪ್ರಭಾದ ದವಾಖಾನೆಯೊಂದರಲ್ಲಿ ನರ್ಸ್. "ಅತ್ತಿ, ನಿಮ್ಮ ಕಂಬಳಿ ಮ್ಯಾಲೆ ಕುಂಡ್ರೂ ಅರ್ಧಾ ಮಂದಿ ನಮ್ಮ ದವಾಖಾನಿಗೆ ಬರಬೇಕಾದವ್ರು ನೋಡ್ರಿ" ಎಂದು ಚುಚ್ಚುತ್ತಿದ್ದಳು. "ಉಳದ ಅರ್ಧಾ ಮಂದಿ ನಿಮ್ಮ ದವಾಖಾನಿಂದನ ಬರ್ತಾರ" ಎಂದು ಮಾಯವ್ವ ತಿರುಗಿಸಿ ಕೊಡುತ್ತಿದ್ದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಆ ಮನೆಯಲ್ಲಿ ಎರಡೂ ಕಾಲ ಒಟ್ಟಿಗೇ ನಡೆದಿದ್ದವು.

ಒಂದು ರವಿವಾರ ದೀಪಾ ಅತ್ತೆಯನ್ನು ಗೋಕಾಕದ ಟಾಕೀಜಿಗೆ ಮ್ಯಾಟಿನಿಗೆ ಎಳೆದುಕೊಂಡು ಹೋದಳು. ಹಳೆಯ ದೆವ್ವದ ಕಾಮಿಡಿಯೊಂದನ್ನು ಹೊಸದಾಗಿ ತೆಗೆದಿದ್ದರು. ಹಳೆಯದರಲ್ಲಿ ದೆವ್ವ ಹಿಡಿಯುವವರು ಮೂವರು ಗಂಡಸರು. ಹೊಸದರಲ್ಲಿ ಮೂವರು ಹೆಂಗಸರು. ಒಬ್ಬಳು ಬಸ್ ಕಂಡಕ್ಟರ್, ಒಬ್ಬಳು ಬ್ಯೂಟಿ ಪಾರ್ಲರ್‌ನವಳು, ಇನ್ನೊಬ್ಬಳು ಪೆನ್ಶನ್ ಆದ ಸಾಲಿ ಟೀಚರ್. ಹಳೆಯದನ್ನು ಮಾಯವ್ವ ಘಟಪ್ರಭಾದಲ್ಲಿ ತನ್ನ ನೆಗೆಣ್ಣಿ ಕಸ್ತೂರಿಯ ಜೊತೆ ನೋಡಿದ್ದಳು. ಮೈದುನ ಭೀಮಶಿಯನ್ನು ಮದುವೆಯಾಗಿ ಕಸ್ತೂರಿ ಆಗಷ್ಟೇ ಮನೆ ತುಂಬಿದ್ದಳು. ಇಬ್ಬರೂ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದರು.

ಸಿನಿಮಾ ಶುರುವಾಯಿತು. ಕಂಡಕ್ಟರ್ ಬಾಯಿ ದೆವ್ವಕ್ಕೂ ಟಿಕೆಟ್ ಹರಿದು ಕೊಟ್ಟಾಗ ಮಾಯವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಿಂದಿನ ಸಾಲಿನ ಗಂಡಸೊಬ್ಬ, "ಹಳೇದಕ್ಕ ಇದು ಸರಿ ಬರೂದಿಲ್ಲ ಬಿಡ. ಹೆಂಗಸರಿಗೆ ನಗಸಾಕ ಬರೂದಿಲ್ಲ" ಎಂದು ಗೊಣಗಿದ. ಮಾಯವ್ವ ಪೂರ್ತಿ ತಿರುಗಿ ಕೂತು, "ಯಾಕಪಾ, ನಿನ್ನ ಹೇಣ್ತಿ ನಿನ್ನ ನೋಡಿ ಒಮ್ಮೆರ ನಕ್ಕಿಲ್ಲೇನ?" ಎಂದಳು. ಅವನ ಪಕ್ಕದಲ್ಲಿದ್ದ ಹೆಂಡತಿಯೇ ಮೊದಲು ನಕ್ಕಳು.

ಮಧ್ಯಂತರದ ನಂತರ ದೆವ್ವದ ಹೆಸರು ಕೇಳುವ ದೃಶ್ಯ ಬಂತು. ಹಳೆಯದರಲ್ಲಿ ಮೂವರು ಗಂಡಸರು ದೆವ್ವವನ್ನು ಕಸಬರಿಗೆಯಿಂದ ಬಾರಿಸಿ, ಹೆಸರು ಕಕ್ಕಿಸಿ, ಗಡಿಗೆಯಲ್ಲಿ ತುಂಬುತ್ತಿದ್ದರು. ಇಲ್ಲೂ ಕಂಡಕ್ಟರ್ ಕಸಬರಿಗೆ ಎತ್ತಿದಳು. ದೆವ್ವ ಸಣ್ಣ ದನಿಯಲ್ಲಿ ತನ್ನ ಹೆಸರು ಹೇಳಿತು. "ಸುಳ್ಳು!" ಎಂದು ಕಂಡಕ್ಟರ್ ಗದರಿದಳು. ಟೀಚರ್ ಅವಳ ಕೈ ಹಿಡಿದು, "ಹೇಳಿದಳಲ್ಲ ತಾಯಿ, ಕಿವಿ ಕೇಳೋದಿಲ್ವ?" ಎಂದು ಹಾಜರಿ ಪುಸ್ತಕ ತೆಗೆದು ದೆವ್ವದ ಹೆಸರು ಬರೆದುಕೊಂಡಳು. ಟಾಕೀಜಿಗೆ ಟಾಕೀಜೇ ನಕ್ಕಿತು, ದೀಪಾಳೂ ನಕ್ಕಳು. ಮಾಯವ್ವ ಮಾತ್ರ ನಗಲಿಲ್ಲ. ಅವಳಿಗೆ ಭಯವಾಯಿತು. ಇಷ್ಟು ವರ್ಷದಲ್ಲಿ ಮೊದಲ ಸಲ ದೆವ್ವದ ಭಯ.

ಅವಳು ಬಿಡಿಸಿದ ಮೊದಲ ದೆವ್ವ ಕಸ್ತೂರಿಯದು. ಕಸ್ತೂರಿಗೆ ಮೊದಲ ಕೂಸು ಸತ್ತೇ ಹುಟ್ಟಿತ್ತು. ಆಮೇಲೆ ಅವಳು ಮಾತು ಬಿಟ್ಟಳು, ಗೋಡೆ ನೋಡುತ್ತ ಕೂತಳು. ಭೀಮಶಿಗೆ ಅವಳು ಎರಡನೆಯ ಹೆಂಡತಿ. ಮೊದಲನೆಯವಳು, ಲಕ್ಕವ್ವ, ಒಡ್ಡಿನ ನೀರಿಗೆ ಬಿದ್ದು ತೀರಿಕೊಂಡಿದ್ದಳು. ಸವತಿಯೇ ಹಿಡಿದಿದ್ದಾಳೆ ಎಂದು ಮನೆ ತೀರ್ಮಾನ ಮಾಡಿತು. ಅತ್ತೆಗೆ ಮೊಣಕಾಲು ಹೋಗಿದ್ದವು. ಹಾಗಾಗಿ ಮಾಯವ್ವನನ್ನೇ ಕಂಬಳಿಯ ಮೇಲೆ ಕೂರಿಸಿದರು. "ಯಾರ ನೀ?" ಎಂದರೆ ಕಸ್ತೂರಿ, "ನಾ ಕಸ್ತೂರಿ ಅಕ್ಕಾ" ಎಂದಳು. ದೆವ್ವ ಮೊದಲು ಹಿಡಿದವಳ ಹೆಸರನ್ನೇ ಹೇಳಿ ಅಡಗುತ್ತದೆ, ನಂಬಬೇಡ ಎಂದು ಅತ್ತೆ ಹೇಳಿಕೊಟ್ಟಿದ್ದಳು. ಮಾಯವ್ವ ನಂಬಲಿಲ್ಲ. ಬೇವಿನ ಟೊಂಗೆ ಎತ್ತಿದಳು. ಎರಡನೆಯ ದಿನ ಸಂಜೆಗೆ ಕಸ್ತೂರಿ "ಲಕ್ಕವ್ವ" ಎಂದಳು. ಎಲ್ಲರೂ ಕೈಮುಗಿದರು, ಮಾಯವ್ವನ ಹೆಸರು ಊರೂರಿಗೆ ಹಬ್ಬಿತು. ತಿಂಗಳೊಳಗೆ ಅಪ್ಪ ಬಂದು ಕಸ್ತೂರಿಯನ್ನು ತವರು ಕಣಗಲಾಕ್ಕೆ ಕರೆದೊಯ್ದ. ಅವಳು ತಿರುಗಿ ಬರಲಿಲ್ಲ, ಮಾಯವ್ವ ಹೋಗಿ ನೋಡಲಿಲ್ಲ.

ಟಾಕೀಜಿನಿಂದ ಬಂದ ಮೇಲೆ ಆ ದನಿ ಅವಳನ್ನು ಬಿಡಲಿಲ್ಲ. ಹಿಟ್ಟು ನಾದುವಾಗ "ನಾ ಕಸ್ತೂರಿ ಅಕ್ಕಾ". ಮಟಮಟ ಮಧ್ಯಾಹ್ನ ಕುರಿಗೆ ಸೊಪ್ಪು ಹಾಕುವಾಗ, ಬೆನ್ನ ಹಿಂದೆ, "ನಾ ಕಸ್ತೂರಿ ಅಕ್ಕಾ". ತಿರುಗಿದರೆ ಯಾರೂ ಇಲ್ಲ. ತನಗೇ ಉಪ್ಪು ನಿವಾಳಿಸಿ ಇಳಿ ತೆಗೆದುಕೊಂಡಳು, ಭಂಡಾರ ಹಚ್ಚಿಕೊಂಡಳು, ದನಿ ಹೋಗಲಿಲ್ಲ. ಸೋಮವಾರ ಮೂಡಲಗಿಯಿಂದ ಹಣಮಂತ ಎಂಬವನ ಫೋನ್ ಬಂತು. "ಮಗಳ ಹಡದ ಇಪ್ಪತ್ತ ದಿನ ಆತ್ರಿ, ಅವ್ವಾರ. ಕೂಸಿನ ಮಾರಿ ನೋಡವಲ್ಲಳು, ಅಳತಾಳ. ಗುರುವಾರ ಕರಕೊಂಡ ಬರ್ತೇವ್ರಿ." ಅಭ್ಯಾಸಬಲದಿಂದ "ಬರ್ರಿ" ಎಂದುಬಿಟ್ಟಳು. ಆಮೇಲೆ ಕಂಬಳಿ ಸುತ್ತಿ ಮೂಲೆಗೆ ಇಟ್ಟಳು. ಕಸ್ತೂರಿಯ ಮೈಮೇಲೆ ಅವತ್ತು ಲಕ್ಕವ್ವ ನಿಜವಾಗಿ ಬಂದಿದ್ದಳೋ ಇಲ್ಲವೋ, ಅದು ಗೊತ್ತಾಗದೆ ಈ ಹುಡುಗಿಯ ಎದುರು ಕೂರುವುದು ಅವಳಿಂದ ಸಾಧ್ಯವಿರಲಿಲ್ಲ.

ಬುಧವಾರ ಒಬ್ಬಳೇ ಹುಕ್ಕೇರಿಗೆ ಹೋಗಿ, ಬಸ್ ಬದಲಿಸಿ ಕಣಗಲಾ ಮುಟ್ಟಿದಳು. ಕಸ್ತೂರಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿದು, "ಬಾ ಅಕ್ಕಾ, ಕುಂಡ್ರ" ಎಂದಳು, ನಿನ್ನೆ ಮೊನ್ನೆ ಬಂದು ಹೋದವಳಿಗೆ ಅನ್ನುವಂತೆ.

ಮಾಯವ್ವನಿಗೆ ಸುತ್ತಿ ಬಳಸಿ ಮಾತಾಡಲು ಆಗಲಿಲ್ಲ. "ಕಸ್ತೂರಿ, ಅವತ್ತ ಲಕ್ಕವ್ವ ಖರೇನ ಬಂದಿದ್ಲೇನ?"

"ಆಕಿನ್ನ ನಾ ಫೋಟೋದಾಗ ಅಷ್ಟ ನೋಡೇನಿ."

"ಮತ್ತ ಯಾಕ ಹಂಗ ಹೇಳಿದಿ? ನಾ ಬಡದದ್ದಕ್ಕ ಹೆದರಿ ಹೇಳಿದಿ?"

ಕಸ್ತೂರಿ ಮೊರ ಕೆಳಗಿಟ್ಟಳು. "ನಿನ್ನ ಪೆಟ್ಟು ನನಗ ಹತ್ತಲೇ ಇಲ್ಲ. ಒಳಗ ಅಶೋಕ ಅಳಾಕತ್ತಿದ್ದ. ಮೂರ ತಿಂಗಳ ಕೂಸ ಅದು. ನೀ ಎರಡ ದಿನ ಕಂಬಳಿ ಬಿಟ್ಟ ಎದ್ದಿದ್ದಿಲ್ಲ. ನಿನ್ನ ಎದಿ ಹಾಲ ಕುಪ್ಪಸಾ ತೊಯ್ಸಿ ಕಂಬಳಿ ಮ್ಯಾಲೆ ಬೀಳತಿತ್ತ. ನನ್ನ ಕೂಸಂತೂ ಹೋತು, ನಿನ್ನ ಕೂಸರ ಕುಡೀಲಿ ಅಂತ ಆ ಹೆಸರ ಹೇಳಿದೆ." ಮತ್ತೆ ಮೊರ ಎತ್ತಿಕೊಂಡು ಅಂದಳು, "ನನಗೂ ಹಾಲ ಬಂದಿತ್ತಕ್ಕಾ. ಯಾರೂ ಕೇಳಲಿಲ್ಲ."

ಮಾಯವ್ವ ಅವಳ ಕಾಲು ಹಿಡಿಯಲು ಬಾಗಿದಳು. ಕಸ್ತೂರಿ ಕಾಲು ಹಿಂದಕ್ಕೆ ತೆಗೆದುಕೊಂಡಳು.

ಅಲ್ಲೇ ಕೂತು ಮಾಯವ್ವ ಮೂಡಲಗಿಗೆ ಫೋನ್ ಹಚ್ಚಿದಳು. "ಹಣಮಂತ, ನಾಳಿ ನಮ್ಮ ಮನಿಗೆ ಬರಬ್ಯಾಡ. ಮಗಳನ್ನ ಘಟಪ್ರಭಾಕ್ಕ ದವಾಖಾನಿಗೆ ಕರಕೊಂಡ ಬಾ. ಅಲ್ಲಿ ನನ್ನ ಸೊಸಿ ಅದಾಳ."

"ಯಾಕ್ರಿ ಅವ್ವಾರ? ಇಷ್ಟ ಮಂದಿದು ಬಿಡಿಸೀರಿ, ನಮ್ಮದೇನ ತಪ್ಪಾತ್ರಿ?"

"ಬಿಡಿಸಿಲ್ಲಪಾ. ಯಾರದೂ ಬಿಡಿಸಿಲ್ಲ."

ಫೋನ್ ಇಟ್ಟ ಮೇಲೆ ಕಸ್ತೂರಿ ಕೇಳಿದಳು, "ನನ್ನ ನಂತರ ಆ ಕಂಬಳಿ ಮ್ಯಾಲೆ ಎಷ್ಟ ಮಂದಿನ್ನ ಕುಂಡರಿಸಿದಿ, ಅಕ್ಕಾ?"

ಮಾಯವ್ವ ನೆನಪು ಮಾಡಿಕೊಳ್ಳಲು ಹೋದಳು. ಹುಕ್ಕೇರಿಯ ಸಾಲಿ ಹುಡುಗಿ, ಗೋಕಾಕದ ಬಳೆಗಾರನ ಸೊಸೆ, ಗಂಡ ಸತ್ತ ಮೂಡಲಗಿಯವಳು, ಒಬ್ಬರ ಹಿಂದೆ ಒಬ್ಬರು ಬಂದು ಎದುರು ಕೂರತೊಡಗಿದರು, ಮುಗಿಯಲಿಲ್ಲ. ಒಬ್ಬೊಬ್ಬಳೂ ಮೊದಲು ತನ್ನ ಹೆಸರನ್ನೇ ಹೇಳಿದ್ದಳು.