ಎಲ್ಲರೂ ಒಪ್ಪಿದ ತಾರೀಖು

ಚಳ್ಳಕೆರೆಯ ದನದ ಆಸ್ಪತ್ರೆಯಲ್ಲಿ ನಾನು ಕಾಂಪೌಂಡರ್ ಆಗಿದ್ದೆ. ನಿವೃತ್ತಿಯಾದ ಮೇಲೆ, ನನ್ನ ಕೈಯಲ್ಲಿ ಔಷಧಿ ಕುಡಿದ ಕುರಿಗಳ ನೆನಪುಗಳನ್ನೆಲ್ಲ ಬರೆದು, ಸ್ವಂತ ಖರ್ಚಿನಲ್ಲೇ ಪುಸ್ತಕ ಮಾಡಿಸಲು ಹೊರಟೆ. ಬರೆಯುವುದು ಹೇಗೋ ಮುಗಿಯಿತು. ಬಿಡುಗಡೆಗೆ ದಿನ ಹುಡುಕುವುದೇ ದೊಡ್ಡ ಕೆಲಸವಾಯಿತು.

ಸಮಾರಂಭ ಮೊಳಕಾಲ್ಮೂರಿನಲ್ಲಿ, ಅಕ್ಕನ ಮನೆಯ ಮಗ್ಗದ ಕೋಣೆಯಲ್ಲಿ. ಜನವರಿ ಅಂದರೆ ಅವಳು ಬಿಲ್‌ಕುಲ್ ಒಪ್ಪಲಿಲ್ಲ.

"ಮಗ್ಗದ ಮೇಲೆ ಸೀರೆ ಐತೆ. ಸೆರಗು ಮುಗಿಯೋ ತನಕ ನಿನ್ನ ಕುರಿಗೂ ಜಾಗ ಇಲ್ಲ, ಪುಸ್ತಕಕ್ಕೂ ಇಲ್ಲ."

ಅಧ್ಯಕ್ಷತೆ ಕೊಂಡ್ಲಹಳ್ಳಿಯ ನಮ್ಮ ಹಳೇ ಮೇಷ್ಟ್ರದು. ಅವರು ಹಲ್ಲಿನ ಸೆಟ್ಟಿಗೆ ಅಳತೆ ಕೊಟ್ಟು ಕಾಯುತ್ತಿದ್ದರು. "ಹಲ್ಲು ಬರೋದು ಫೆಬ್ರವರಿ ಕೊನೆಗೆ ಕಣಯ್ಯ. ಅಲ್ಲೀತನಕ ನನ್ನ ಭಾಷಣ ಬರೀ ಗಾಳಿ" ಎಂದರು. ಅವ್ವನದು ಒಂದೇ ಹಟ: ಅಮಾಸೆ ಬೇಡ.

ಕೊನೆಗೆ ಮೂವರನ್ನೂ ಕೇಳಿದೆ: "ಫೆಬ್ರವರಿ ಮೂವತ್ತು ಆಗುತ್ತಾ?"

"ಅಷ್ಟೊತ್ತಿಗೆ ಮಗ್ಗ ಖಾಲಿ" ಅಂದಳು ಅಕ್ಕ. "ಆವತ್ತು ನಂಗೆ ಬೇರೆ ಏನೂ ಕೆಲಸ ಇಲ್ಲ" ಅಂದರು ಮೇಷ್ಟ್ರು. ಅಮಾಸೆ ಅಲ್ಲ ಅಂತ ಅವ್ವನಿಗೆ ನಾನೇ ಧೈರ್ಯವಾಗಿ ಹೇಳಿದೆ.

ಆಹ್ವಾನ ಪತ್ರಿಕೆ ಅಚ್ಚಾಗಿ ಊರೂರಿಗೂ ಹೋಯಿತು. ಪುಸ್ತಕದ ಕಟ್ಟು ತರಲು ಪ್ರೆಸ್ಸಿಗೆ ಹೋದರೆ ಮಾಲೀಕ ಗೋಡೆಯ ಕ್ಯಾಲೆಂಡರನ್ನೇ ದಿಟ್ಟಿಸುತ್ತಿದ್ದ.

"ಸಾರ್, ಈ ವರ್ಷ ಫೆಬ್ರವರಿ ಇಪ್ಪತ್ತೆಂಟಕ್ಕೇ ಮುಗಿಯುತ್ತಲ್ರೀ?"

"ಅಚ್ಚು ಹಾಕೋವಾಗ ನೋಡ್ಲಿಲ್ವೇನಯ್ಯ?"

"ಕಾಗುಣಿತ ನೋಡಿದೆ ಸಾರ್. ಮೂವತ್ತು ಸರಿಯಾಗೇ ಐತೆ."

ಗಾಬರಿಯಿಂದ ಎಲ್ಲರಿಗೂ ಫೋನ್ ಮಾಡಿ ಮಾರ್ಚ್ ಒಂದು ಎಂದೆ. ಸುದ್ದಿ ಸಿಗದ ಕೆಲವರು ತಿಂಗಳ ಕೊನೇ ದಿನ ಅಂತ ಇಪ್ಪತ್ತೆಂಟಕ್ಕೇ ಬಂದರು. ಲೆಕ್ಕದಲ್ಲಿ ಜಾಣರಾದವರು ಇಪ್ಪತ್ತೆಂಟಕ್ಕೆ ಎರಡು ಸೇರಿಸಿ ಮಾರ್ಚ್ ಎರಡಕ್ಕೆ ಬಂದರು. ಬಂದವರನ್ನು ಹಾಗೇ ಕಳಿಸೋಕಾಗುತ್ತಾ? ಒಂದೇ ಪುಸ್ತಕ ಮೂರು ದಿನ ಬಿಡುಗಡೆಯಾಯಿತು. ಮೂರು ದಿನವೂ ಮೇಷ್ಟ್ರದೇ ಅಧ್ಯಕ್ಷತೆ. ಹೊಸ ಹಲ್ಲು ಒತ್ತುತ್ತದೆಂದು ತೆಗೆದು ಕೈಯಲ್ಲಿ ಹಿಡಿದೇ ಮಾತಾಡಿದರು. ಒಂದಕ್ಷರ ಅರ್ಥವಾಗದಿದ್ದರೂ ಜನ ಚಪ್ಪಾಳೆ ತಟ್ಟಿದರು. ಅಕ್ಕ ಮೂರು ದಿನವೂ ಚಿತ್ರಾನ್ನ ಕಲಸಿ, ನನ್ನ ಮುಖ ನೋಡಿದಾಗಲೆಲ್ಲ ಸೌಟು ತೋರಿಸಿದಳು.

ಮೂರನೇ ದಿನ ನನ್ನಿವಾಳ ಊರಿನ ಕುರಿಗಾಹಿ ಅಜ್ಜನೊಬ್ಬ ಬಂದು, ತನ್ನ ಟಗರಿನ ಕತೆ ಓದಿಸಿಕೊಂಡ. ಕೇಳಿ ಮುಗಿಸಿ ತಲೆಯಾಡಿಸಿದ.

"ತಪ್ಪು ಬರ್ದೀಯಪ್ಪ. ನನ್ನ ಟಗರು ಕರೀದಲ್ಲ, ಕಂದು."

ಅವನ ಪ್ರತಿಯಲ್ಲಿ ಪೆನ್ನಿನಿಂದ ತಿದ್ದಿಕೊಟ್ಟೆ. ಅವನು ಹೋಗಲಿಲ್ಲ.

"ಉಳಿದವ್ರು ತಪ್ಪು ಓದ್ಕೋಬೇಕಾ? ಎಲ್ಲಾದ್ರಲ್ಲೂ ತಿದ್ದು" ಎಂದು ಕಂಬಳಿ ಹಾಸಿ ಕೂತ. ಸಂಜೆಯವರೆಗೂ ಅವನು ಒಂದೊಂದೇ ಪುಸ್ತಕ ಬಿಡಿಸಿ ಕೊಟ್ಟ. ನಾನು 'ಕರಿ' ಹೊಡೆದುಹಾಕಿ 'ಕಂದು' ಬರೆದೆ.