ಬಣ್ಣ ಕಾಣದವನಿಗೆ ಕಂಡ ಹಕ್ಕಿ

"ಅಲ್ ನೋಡ್ರಿ ಸರ, ಕೆಂಡದಾಂಗ ಕುಂತೈತಿ! ಸಿಕ್ತೇನ್ರಿ?"

"ಓಹೋ, ಸಿಕ್ತು ಸಿಕ್ತು. ಎಷ್ಟು ಚಂದ ಇದೆ!" ಎಂದೆ, ಬೈನಾಕ್ಯುಲರ್ ಕಣ್ಣಿಗೆ ಒತ್ತಿಕೊಂಡು.

ಸುಳ್ಳು. ನನಗೆ ಏನೂ ಸಿಕ್ಕಿರಲಿಲ್ಲ.

ಕಳೆದ ಭಾನುವಾರ ಬೆಳಿಗ್ಗೆ, ಯಲ್ಲಾಪುರದಾಚೆ ಕಾಳಿ ಹಿನ್ನೀರಿನಲ್ಲಿ, ಪುಟ್ಟ ದೋಣಿಯೊಂದರ ಮೇಲೆ ಕೂತು ನಾನು ಹೇಳಿದ ಈ ಸುಳ್ಳು ಮೊದಲನೆಯದೇನಲ್ಲ. ಹನ್ನೆರಡು ವರ್ಷದಿಂದ ಹೇಳುತ್ತಲೇ ಬಂದಿದ್ದೇನೆ. ಸಿಕ್ಕಿಬಿದ್ದದ್ದು ಮಾತ್ರ ಇದೇ ಮೊದಲು.

"ಸರ," ಎಂದರು ಪಕ್ಕದಲ್ಲಿದ್ದ ವೀರಭದ್ರಪ್ಪ, ಮೆಲ್ಲಗೆ. "ಅದು ಆಗಲೇ ಹಾರಿ ಹೋತ್ರಿ. ನೀವ್ ಏನ್ ನೋಡಾಕತ್ತೀರಿ?"

ವೀರಭದ್ರಪ್ಪ ದಾಸನಕೊಪ್ಪದ ಕಿರಾಣಿ ಅಂಗಡಿಯವರು. ವಾರಕ್ಕೆ ಆರು ದಿನ ತೊಗರಿಬೇಳೆ ತೂಗುತ್ತಾರೆ, ಏಳನೆಯ ದಿನ ಮೊಣಕೈ ಉದ್ದದ ಲೆನ್ಸ್ ಹೊತ್ತು ಕಾಡಿಗೆ ಬರುತ್ತಾರೆ. ಕೆಟ್ಟವರಲ್ಲ. ಆದರೆ ತೂಕದಲ್ಲಿ ಒಂದು ಕಾಳು ಹೆಚ್ಚುಕಮ್ಮಿಯಾದರೂ ಅವರ ಕಣ್ಣಿಗೆ ಬೀಳುತ್ತದೆ. ನನ್ನ ಬೈನಾಕ್ಯುಲರ್ ಬೇರೆ ಮರದ ಕಡೆ ತಿರುಗಿದ್ದು ಬೀಳದೇ ಇರುತ್ತದೆಯೇ?

ದೋಣಿಯಲ್ಲಿ ಇನ್ನಿಬ್ಬರಿದ್ದರು. ಮುಂದೆ, ಸೋಂದಾದ ನಾಗವೇಣಿ ಅಕ್ಕ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ವಯಸ್ಸು ಎಪ್ಪತ್ತೊಂದು, ನಮ್ಮ ಹಕ್ಕಿ ಬಳಗದ ಹೆಡ್‌ಮಿಸ್ಟ್ರೆಸ್. ಹಿಂದೆ ಹುಟ್ಟು ಹಾಕುತ್ತಿದ್ದ ಮಾದೇವಿ. ಹಿನ್ನೀರಿನ ಆಚೆ ದಡದಲ್ಲಿ ಮನೆ, ದಿನಾ ಎರಡು ಹೊತ್ತು ಹಾಲು ದಾಟಿಸುವ ಹೆಂಗಸು. ಮೂವರೂ ನನ್ನನ್ನೇ ನೋಡುತ್ತಿದ್ದರು.

ದಡದಲ್ಲಾದರೆ ಫೋನ್ ಬಂತೆಂದು ಎದ್ದು ಹೋಗಬಹುದು. ನೀರಿನ ಮಧ್ಯೆ ಎಲ್ಲಿಗೆ ಹೋಗುವುದು?

ಹೇಳಿಬಿಟ್ಟೆ. "ನನಗೆ ಕೆಂಪು, ಹಸಿರು ಬೇರೆ ಬೇರೆ ಕಾಣುವುದಿಲ್ಲ. ಹುಟ್ಟಿದಾಗಿಂದ."

ಹೌದು ಓದುಗರೇ, ನಿಮಗೂ ಇವತ್ತೇ ಹೇಳುತ್ತಿದ್ದೇನೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಫಾರೆಸ್ಟ್ ಗಾರ್ಡ್ ಆಗಬೇಕೆಂದು ಓಡಿ, ಜಿಗಿದು, ಎಲ್ಲದರಲ್ಲೂ ಪಾಸಾಗಿ, ಕೊನೆಗೆ ಕಣ್ಣಿನ ಪರೀಕ್ಷೆಯಲ್ಲಿ ನಪಾಸಾದವನು ನಾನು. ಚುಕ್ಕಿಗಳ ನಡುವೆ ಅಡಗಿದ ಅಂಕಿ ಓದಿ ಎಂದರು. ನನಗೆ ಬರೀ ಚುಕ್ಕಿ ಕಂಡಿತು. ವಾಪಸ್ ಬಂದು ಶಿರಸಿಯಲ್ಲಿ ಪ್ರಿಂಟಿಂಗ್ ಪ್ರೆಸ್ ಹಾಕಿದೆ. (ಬಣ್ಣ ಕಾಣದವನು ಪ್ರೆಸ್ ಹಾಕುವುದೇ? ಮದುವೆ ಕಾರ್ಡಿನ ಬಣ್ಣವನ್ನೆಲ್ಲ ನೋಡುವುದು ನನ್ನ ಹೆಂಡತಿ ಸುಧಾ. ಅವಳು ತವರಿಗೆ ಹೋದರೆ ಪ್ರೆಸ್ಸಿಗೂ ರಜೆ.)

ಇನ್ನೊಂದು ತಪ್ಪೊಪ್ಪಿಗೆ. ಇದೇ ಅಂಕಣದಲ್ಲಿ ನಾನು ಹಕ್ಕಿಗಳ ಬಣ್ಣ ವರ್ಣಿಸಿದ್ದೆಲ್ಲ ಪುಸ್ತಕ ನೋಡಿ ಬರೆದದ್ದು. "ಕಡುಕೆಂಪು ಎದೆ", "ಎಳೆ ಹಸಿರು ಬೆನ್ನು" ಎಂದೆಲ್ಲ ಓದಿ ಮೆಚ್ಚಿ ಪತ್ರ ಬರೆದವರು ದಯವಿಟ್ಟು ಕ್ಷಮಿಸಿ.

ಮಾದೇವಿ ಹುಟ್ಟು ಹಾಕುತ್ತಲೇ ಇದ್ದಳು.

"ಎಂಗೊಂದು ಮಾತು ಹೇಳ್ಲಾಗಿತ್ತಲ ತಮಾ," ಎಂದರು ನಾಗವೇಣಿ ಅಕ್ಕ. ಬೇಜಾರಾಗಿತ್ತು ಅವರಿಗೆ. ನನ್ನ ಕಣ್ಣಿನ ಬಗ್ಗೆ ಅಲ್ಲ, ಹನ್ನೆರಡು ವರ್ಷ ಮುಚ್ಚಿಟ್ಟದ್ದಕ್ಕೆ.

ವೀರಭದ್ರಪ್ಪ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ನಿಜವಾದ ಕುತೂಹಲದಿಂದ ಕೇಳಿದರು:

"ಮತ್ತ ಹನ್ನೆರಡು ವರ್ಷ ಏನ್ ನೋಡಿದ್ರಿ ಸರ?"

ಉತ್ತರ ಇತ್ತು. ಹಕ್ಕಿ ಕೂರುವ ಗತ್ತು ನೋಡಿದೆ. ಬಾಲ ಕುಣಿಸುವ ತಾಳ ನೋಡಿದೆ. ರೆಕ್ಕೆ ಬಡಿತದ ಲೆಕ್ಕ ಹಿಡಿದು, ಅರ್ಧ ಕಿಲೋಮೀಟರ್ ದೂರದಿಂದಲೇ ಅದು ಗಿಡುಗವೋ ಹದ್ದೋ ಎಂದು ಹೇಳಬಲ್ಲೆ. ಅದನ್ನು ಹೇಳುವುದು ಬಿಟ್ಟು, ನಲವತ್ತೊಂಬತ್ತು ವರ್ಷದ ಗಂಡಸು ಟೋಪಿ ಕೆಳಗೆಳೆದು ನೀರು ನೋಡುತ್ತ ಕೂತೆ. ಮನೆಗೆ ಹೋದ ಮೇಲೆ ಬೈನಾಕ್ಯುಲರ್ ಯಾರಿಗಾದರೂ ಕೊಟ್ಟುಬಿಡಬೇಕು ಎಂದೂ ನಿರ್ಧಾರ ಮಾಡಿದೆ.

ಮಾದೇವಿ ದೋಣಿಯನ್ನು ಬಲಕ್ಕೆ ತಿರುಗಿಸಿದಳು. ಅಗಲವಾದ ನೀರು ಮುಗಿದು, ಕಾಡಿನಿಂದ ಇಳಿದು ಬರುವ ಹಳ್ಳವೊಂದು ಶುರುವಾಯಿತು. ಎರಡೂ ದಡದ ಮರಗಳು ಮೇಲೆ ತಲೆ ಕೂಡಿಸಿಕೊಂಡಿದ್ದವು. ಡಿಸೆಂಬರ್ ಚಳಿ. ನೀರಿನಿಂದ ಇನ್ನೂ ಹಬೆ ಏಳುತ್ತಿತ್ತು.

ಈ ಹಳ್ಳಕ್ಕೆ ಬಂದದ್ದು ನಾಗವೇಣಿ ಅಕ್ಕನ ಹಟದಿಂದ. ಅವರು ಇಪ್ಪತ್ತು ವರ್ಷದಿಂದ ಒಂದೇ ಹಕ್ಕಿಯ ಬೆನ್ನು ಬಿದ್ದಿದ್ದಾರೆ. ಕಪ್ಪೆಬಾಯಿ. ಹೆಸರೇ ಹೇಳುವಂತೆ ಕಪ್ಪೆಯ ಹಾಗೆ ಅಗಲ ಬಾಯಿ. ರಾತ್ರಿ ಹುಳ ಹಿಡಿಯುತ್ತದೆ, ಹಗಲೆಲ್ಲ ಒಣಗಿದ ಎಲೆಯ ವೇಷ ಹಾಕಿ ಅಲ್ಲಾಡದೆ ಕೂತಿರುತ್ತದೆ. ಮುಸ್ಸಂಜೆ ಅದರ ಕೂಗನ್ನು ಅಕ್ಕ ಎಷ್ಟೋ ಸಲ ಕೇಳಿದ್ದಾರೆ. ಹಗಲಿನಲ್ಲಿ ಒಮ್ಮೆಯೂ ಕಂಡಿಲ್ಲ. ಮುಂದಿನ ತಿಂಗಳು ಎರಡೂ ಮಂಡಿಗೆ ಆಪರೇಷನ್. "ಇನ್ನು ದೋಣಿ ಹತ್ತಿ ಇಳಿಯದು ಎನ್ನಿಂದ ಆಗ್ತೋ ಇಲ್ಯೋ," ಎಂದು ಹೊರಡುವಾಗಲೇ ಹೇಳಿದ್ದರು.

ಒಂದು ತಾಸು ಹುಡುಕಿದರು. ಇಲ್ಲ. ನಾನು ಹುಡುಕುತ್ತಿರಲಿಲ್ಲ. ಸುಮ್ಮನೆ ಮೇಲೆ ನೋಡುತ್ತಿದ್ದೆ. ಹಳ್ಳದ ಮೇಲೆ ಬಾಗಿದ ಒಂದು ಬಿದಿರು ಮೆಳೆ. ಅದರ ತುಂಬ ಒಣ ಎಲೆ ಜೋತುಬಿದ್ದಿತ್ತು.

ಎಲ್ಲ ಎಲೆಗೂ ತೊಟ್ಟಿತ್ತು. ಎರಡಕ್ಕೆ ಇರಲಿಲ್ಲ.

ಮತ್ತೆ ನೋಡಿದೆ. ತೊಟ್ಟಿರಬೇಕಾದ ಕಡೆ ಗಡ್ಡ ಇತ್ತು! ಮೂಗಿನ ಮೇಲೆ ಕುರುಚಲು ಕೂದಲು, ಅದರ ಕೆಳಗೆ ಕಿವಿಯಿಂದ ಕಿವಿಗೆ ಎಳೆದ ಬಾಯಿ, ಮುಚ್ಚಿದ ಕಣ್ಣು. ಪಕ್ಕದಲ್ಲಿ ಭುಜಕ್ಕೆ ಭುಜ ತಾಗಿಸಿ ಇನ್ನೊಂದು.

"ಮಾದೇವಿ, ನಿಲ್ಲಿಸು," ಎಂದೆ.

"ಎಂತ ಆಯ್ತು ಅಣ್ಣ?"

"ಕಪ್ಪೆಬಾಯಿ. ಎರಡು."

ವೀರಭದ್ರಪ್ಪ ನನ್ನ ಮುಖ ನೋಡಿದರು. ಆ ನೋಟದ ಅರ್ಥ ನನಗೆ ಗೊತ್ತು. ಹೋದ ವರ್ಷ ನಾನು ಒಣ ಬೊಡ್ಡೆಯೊಂದನ್ನು ತೋರಿಸಿ ಗರುಡ ಎಂದಿದ್ದೆನಲ್ಲ! ಆದರೂ ಕ್ಯಾಮೆರಾ ಎತ್ತಿದರು.

"ಎಲ್ಲಿದ್ದು ತಮಾ?" ನಾಗವೇಣಿ ಅಕ್ಕನ ಬೈನಾಕ್ಯುಲರ್ ನೇರ ಹಕ್ಕಿಗಳ ಮೇಲೇ ಇತ್ತು. "ಎಂಗೆ ಬರೀ ತರಗೆಲೆ ಕಾಣ್ತಾ ಇದ್ದು."

"ಎಲೀನ ಅದಾವ್ರಿ ಸರ," ಎಂದರು ವೀರಭದ್ರಪ್ಪ. "ಎಲ್ಲಾ ಒಂದ ಕಂದು ಬಣ್ಣ."

ಒಂದೇ ಬಣ್ಣ. ಅವರಿಗೆ ಅವತ್ತು ಒಂದು ಮೆಳೆ ಒಂದೇ ಬಣ್ಣವಾಗಿತ್ತು. ನನಗೆ ಇಡೀ ಕಾಡು ದಿನಾ ಹಾಗೆಯೇ. ಬಣ್ಣ ಕೈಕೊಟ್ಟಾಗ ಅಂಚು ಹುಡುಕಬೇಕೆಂದು ನಾನು ಚಿಕ್ಕಂದಿನಲ್ಲೇ ಕಲಿತಿದ್ದೇನೆ. ಅವರಿಗೆ ಆ ಅಭ್ಯಾಸವಿರಲಿಲ್ಲ.

"ಬಣ್ಣ ಬಿಡಿ," ಎಂದೆ. "ನಾನು ಹೇಳಿದಷ್ಟೇ ನೋಡಿ. ಎಡದಿಂದ ಮೂರನೆಯ ಬಿದಿರ ಗಳ. ಅದರಲ್ಲಿ ಒಂದು ಉಬ್ಬಿದ ದೊಡ್ಡ ಗಂಟು ಇದೆ. ಗಂಟಿನಿಂದ ಒಂದು ಗೇಣು ಕೆಳಗೆ. ಅಲ್ಲಿರುವ ಎಲೆಗೆ ತೊಟ್ಟು ಹುಡುಕಿ."

ಹತ್ತು ನಿಮಿಷವಾಯಿತು. ಮಾದೇವಿ ಹುಟ್ಟನ್ನು ಕೆಸರಿಗೆ ಊರಿ ದೋಣಿ ಅಲುಗದಂತೆ ಹಿಡಿದಿದ್ದಳು. ತೋಳು ಸೋತರೂ ಬಿಡಲಿಲ್ಲ. ಹಕ್ಕಿ ಹಾರಿಬಿಟ್ಟರೆ? ಹಾರಿದರೆ ನಾನು ಜೀವನಪೂರ್ತಿ ಸುಳ್ಳುಗಾರನೇ.

ಆಗ ನಾಗವೇಣಿ ಅಕ್ಕನ ಬೈನಾಕ್ಯುಲರ್ ಒಂದು ಕಡೆ ನಿಂತಿತು.

"ಕಂಡತು," ಎಂದರು. ಆಮೇಲೆ ಇನ್ನೂ ಮೆಲ್ಲಗೆ, "ಅಯ್ಯೋ ತಮಾ, ಎರಡೂ ಕಂಡತು. ಒಂದು ಕಣ್ಣು ಬಿಟ್ಟು ಎನ್ನನ್ನೇ ನೋಡ್ತಾ ಇದ್ದು!"

ಬೈನಾಕ್ಯುಲರ್ ಇಳಿಸಲಿಲ್ಲ. ಎಡಗೈ ಮಾತ್ರ ಹಿಂದೆ ಚಾಚಿ ನನ್ನ ಮಣಿಕಟ್ಟು ಹಿಡಿದರು. ಇಪ್ಪತ್ತು ವರ್ಷ ಕಾದ ಕೈ ಅದು. ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ವಾಚಿನ ಗುರುತು ಮಧ್ಯಾಹ್ನದವರೆಗೆ ಇತ್ತು.

ವೀರಭದ್ರಪ್ಪನ ಕ್ಯಾಮೆರಾ ಎಲೆಗಳ ಮೇಲೆಯೇ ಫೋಕಸ್ ಆಗುತ್ತಿತ್ತು. ಗೇಣು, ಗಂಟು, ಗಳ ಎಂದು ನಾನೇ ಕಿವಿಯಲ್ಲಿ ಉಸುರಿದೆ. ಮೂರು ಸಲ ಕ್ಲಿಕ್. ಸ್ಕ್ರೀನಿನಲ್ಲಿ ಚಿತ್ರ ದೊಡ್ಡದು ಮಾಡಿ ನೋಡಿದರು. ಗಡ್ಡ. ಬಾಯಿ. ಕಣ್ಣು. ತುಂಬ ಹೊತ್ತು ನೋಡಿದರು.

"ಸರ," ಎಂದರು ಕೊನೆಗೆ. "ಆಗಲೇ ಒಂದ್ ಪ್ರಶ್ನಿ ಕೇಳಿದ್ನಲ್ರಿ, ಏನ್ ನೋಡಿದ್ರಿ ಅಂತ. ಅದನ್ನ ವಾಪಸ್ ತಗೊಂಡೆ ನೋಡ್ರಿ."

ಮಾದೇವಿಗೂ ಬೈನಾಕ್ಯುಲರ್ ಕೊಟ್ಟೆವು. ಅವಳಿಗೆ ಒಂದೇ ನಿಮಿಷದಲ್ಲಿ ಕಂಡಿತು. "ಸೌದೆಗೆ ಅಂತ ಇದೇ ಮೆಳೆ ಅಡೀಲಿ ಎಷ್ಟು ಸಲ ಹೋಗಿದೀನಿ ಮಾರಾಯ್ರೆ! ಅಷ್ಟೂ ಸಲ ಇವು ಕೂತ್ಕಂಡು ನನ್ನ ನೋಡಿದ್ವಾ ಹಂಗಾದ್ರೆ?"

ಹಕ್ಕಿಗಳ ನಿದ್ದೆ ಕೆಡಿಸದೆ ಹಿಂದೆ ಸರಿದೆವು. (ಹಳ್ಳ ಯಾವುದು ಎಂದು ಕೇಳಬೇಡಿ. ಹೇಳುವುದಿಲ್ಲ.)

ವಾಪಸ್ ಬರುವಾಗ ಎಲ್ಲ ಉಲ್ಟಾ. "ಅಲ್ ನೋಡ್ರಿ" ಎನ್ನುವವರೇ ಇಲ್ಲ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ದಡದ ಒಂದು ಬಸರಿ ಮರದಲ್ಲಿ ಹಸಿರು ಪಾರಿವಾಳಗಳು ಹಸಿರೆಲೆಯೊಳಗೆ ಮುಳುಗಿ ಹಣ್ಣು ತಿನ್ನುತ್ತಿದ್ದವು. ಅವರಿಗೆ ಮರ ಖಾಲಿ. ನಾನು ಬೆರಳು ಮಡಚುತ್ತ ಹೋದೆ. ಹದಿನೇಳು! ವೀರಭದ್ರಪ್ಪ ಸಣ್ಣದಾಗಿ ಚಪ್ಪಾಳೆ ತಟ್ಟಿದ್ದೇ ತಡ, ಹದಿನೇಳಲ್ಲ, ಇಪ್ಪತ್ತೊಂದು ಹಾರಿದವು. ಅದನ್ನು ನಾಗವೇಣಿ ಅಕ್ಕ ಎಣಿಸಿದರು. ನಾಲ್ಕು ತಪ್ಪಿದ್ದಕ್ಕೆ ನನಗೆ ಸ್ವಲ್ಪವೂ ಬೇಸರವಾಗಲಿಲ್ಲ. ದೋಣಿ ದಡ ಮುಟ್ಟುವಾಗ ಯುದ್ಧ ಗೆದ್ದ ಸೇನಾಪತಿಯ ಹಾಗೆ ಎದ್ದು ನಿಂತೆ. (ದೋಣಿ ವಾಲಿತು. ಬೈಸಿಕೊಂಡೆ. ಅದು ಬೇರೆ ವಿಷಯ.)

ಮನೆಗೆ ಬಂದು ಸುಧಾಗೆ ಎಲ್ಲ ಹೇಳಿದೆ. ಪೂರ್ತಿ ಕೇಳಿ, "ಹೇಳಿದ ಮೇಲೆ ಏನಾಯ್ತು? ಆಕಾಶ ಬಿತ್ತಾ?" ಎಂದಳು. ಇಲ್ಲ. ಬಿದ್ದದ್ದು ಹನ್ನೆರಡು ವರ್ಷದ ಭಾರ.

ಯೋಚಿಸಿ ನೋಡಿ. ಮೇಷ್ಟ್ರು "ಅರ್ಥ ಆಯ್ತಾ?" ಎಂದರೆ ಇಡೀ ಕ್ಲಾಸು ಹೂಂಗುಟ್ಟುತ್ತದೆ. ಡಾಕ್ಟರು ಕೇಳಿದರೂ ಹೂಂ, ಮೀಟಿಂಗಿನಲ್ಲಿ ಸಾಹೇಬರು ಕೇಳಿದರೂ ಹೂಂ. ಎಷ್ಟು ಜನ ಖಾಲಿ ಮರದ ಕಡೆ ಬೈನಾಕ್ಯುಲರ್ ಹಿಡಿದು ತಲೆಯಾಡಿಸುತ್ತಿದ್ದಾರೋ! ತೋರಿಸುವವರು ಬೆರಳು ತೋರಿಸಿ ತೋರಿಸಿ ಕೈ ಸೋತಿದ್ದಾರೆ, ಹೂಂ ಎನ್ನುವವರು ತಲೆಯಾಡಿಸಿ ಆಡಿಸಿ ಕುತ್ತಿಗೆ ಸೋತಿದ್ದಾರೆ.

ನಿಮ್ಮ ಪಕ್ಕದಲ್ಲಿ ಕೂತವರಿಗೆ ನಿಮಗೆ ಕಾಣದ್ದೇನೋ ಕಾಣುತ್ತಿರಬಹುದು. ಏನು ಕಾಣುತ್ತಿದೆ ಎಂದು ಒಮ್ಮೆಯಾದರೂ ಕೇಳಿದ್ದೀರಾ?